ಪರದೆಯ ಬೆನ್ನಿನ ಕನ್ನಡಿ

“ಹನ್ನೊಂದು ವರ್ಷ ನಿಮ್ಮ ಜೊತೆ ತಾಳ ಹಿಡಿದು ಹರಿಕಥೆ ಕಲಿತೆ. ನಿನ್ನೆ ಮೊದಲ ಸಲ ಒಬ್ಬಳೇ ಕಥೆ ಮಾಡಿದೆ. ಕಣ್ಣು ಮುಚ್ಚಿದರೆ ನಿಮ್ಮನ್ನೇ ಕೇಳಿದ ಹಾಗಾಯಿತು ಎಂದು ಎಲ್ಲರೂ ಹೊಗಳಿದರು. ಮಾವ, ನನ್ನೊಳಗೆ ನನ್ನದು ಅಂತ ಏನಾದರೂ ಇದೆಯೋ ಇಲ್ಲವೋ?”

ಕೇಳಿದವಳು ಅಂಬುಜಾಕ್ಷಿ. ಕೇಳಿಸಿಕೊಂಡವರು ಕೀರ್ತನಕಾರ ಶ್ರೀಪತಿ ದಾಸರು, ಶಿಷ್ಯರಿಗೆಲ್ಲ ಮಾವ.

ದಾಸರು ಹೇಳಿದರು:

“ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಇನ್ನೂ ಹುಟ್ಟಿಲ್ಲ. ಹುಟ್ಟಿದ ಒಂದೆರಡು ಹುಡುಕಿಕೊಂಡು ಬಂದಾಗ ನಾನು ಮನೆಯಲ್ಲಿರಲಿಲ್ಲ. ಕೂತುಕೋ.

“ಒಂದೂರಿನಲ್ಲಿ ಒಬ್ಬ ಅರ್ಜಿ ಬರೆಯುವವನಿದ್ದ. ಕಚೇರಿಯ ಅಂಗಳದಲ್ಲಿ ಕೂತು ಜನರ ಅಹವಾಲನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಿದ್ದ. ಅದೆಷ್ಟು ಹಳೆಯದೆಂದರೆ, ಅದನ್ನು ತಯಾರಿಸಿದವರು ಎದುರು ಬಂದಿದ್ದರೆ ಅದಕ್ಕೇ ಕೈಮುಗಿಯುತ್ತಿದ್ದರು. ಅದರ ಪರದೆಗೆ ಸ್ವಂತ ದೀಪವಿರಲಿಲ್ಲ. ಬಿಸಿಲು ಬಿದ್ದರೆ ಅಕ್ಷರ ಕಾಣುತ್ತಿತ್ತು, ನೆರಳಾದರೆ ಇಲ್ಲ. ಅವನು ಬಿಸಿಲಿನ ಹಿಂದೆ ಬೆಂಚು ಎಳೆದುಕೊಂಡು ಅಂಗಳವೆಲ್ಲ ಸುತ್ತುತ್ತಿದ್ದ. ಮೋಡ ಕವಿದ ದಿನ, ಕಚೇರಿಯ ಲೆಕ್ಕದಲ್ಲಿ, ಆ ಊರಿನವರಿಗೆ ಕಷ್ಟವೇ ಇರುತ್ತಿರಲಿಲ್ಲ.

“ಒಮ್ಮೆ ಅಂಗಳದಲ್ಲಿ ಕಟ್ಟಡ ಎದ್ದಿತು. ಅರ್ಜಿ ಬರೆಯುವವರು ಇನ್ನು ಒಳಗಿನ ಕೋಣೆಯಲ್ಲಿ ಕೂರಬೇಕು ಎಂದು ಅಪ್ಪಣೆಯಾಯಿತು. ಕೋಣೆಗೆ ಕಿಟಕಿಯಿರಲಿಲ್ಲ; ಅಲ್ಲಿನ ಬಲ್ಬಿನ ಬೆಳಕು ಆ ಪರದೆಗೆ ಸಾಲುತ್ತಿರಲಿಲ್ಲ. ಅವನ ಅನ್ನವೆಲ್ಲ ಆ ಪರದೆಯಲ್ಲಿತ್ತು. ರಿಪೇರಿಯವನ ಬಳಿ ಹೋದ.

“‘ಹೊಸದು ತಗೋ ಮಾರಾಯ’ ಎಂದ ರಿಪೇರಿಯವನು.

“‘ಈ ವಯಸ್ಸಿನಲ್ಲಿ ನನ್ನ ಬೆರಳಿಗೆ ಬೇರೆ ಕೀಬೋರ್ಡು ಒಗ್ಗುವುದಿಲ್ಲ. ಇದರೊಳಗೇ ಒಂದು ದೀಪ ಇಡು.’

“ರಿಪೇರಿಯವನು ಪರದೆಯ ಹಿಂದೆ ದೀಪದ ಹಾಳೆ ಇಟ್ಟ. ಪರದೆ ಬೆಳಗಲಿಲ್ಲ. ಇನ್ನೂ ಜೋರಿನದು ಇಟ್ಟ. ಮುಚ್ಚಳದ ಬೆನ್ನು ಬಿಸಿಯಾಯಿತು, ಮುಂದೆ ಕತ್ತಲೆಯೇ. ಆಗ ಅವನು ಪರದೆಯನ್ನು ಬಿಚ್ಚಿ ತಿರುಗಿಸಿ ನೋಡಿದ. ಬೆನ್ನಿಗೆ ಕನ್ನಡಿಯಂಥ ಒಂದು ತೆಳು ಪೊರೆ ಅಂಟಿತ್ತು. ಹೊರಗಿನಿಂದ ಬಿದ್ದ ಬೆಳಕನ್ನು ಮರಳಿ ಮುಂದಕ್ಕೆ ಕೊಡುತ್ತಿದ್ದದ್ದು ಅದು. ಇಷ್ಟು ವರ್ಷ ಅಕ್ಷರ ತೋರಿಸಿದ್ದೂ ಅದೇ. ಈಗ ಹಿಂದಿನ ದೀಪಕ್ಕೆ ಅಡ್ಡ ನಿಂತದ್ದೂ ಅದೇ.

“‘ಇದನ್ನು ಸುಲಿಯಬೇಕು’ ಎಂದ. ‘ಸುಲಿದರೆ ಮತ್ತೆ ಅಂಟದು. ಗಾಜು ಒಡೆದರೂ ಒಡೆಯಬಹುದು. ದೀಪ ಕೂಡಿಬರದಿದ್ದರೆ ನಿನಗೆ ಹೊರಗಿನ ಬಿಸಿಲಿನಲ್ಲೂ ಏನೂ ಕಾಣದು.’

“ಅರ್ಜಿಯವನು ಮೂರು ದಿನ ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಬಿಸಿಲಿನಲ್ಲಿ ತಿರುಗಿದ. ನಾಲ್ಕನೆಯ ದಿನ ಬಂದು, ‘ಸುಲಿ’ ಎಂದ.

“ಪೊರೆ ಒಂದೇ ಎಳೆತಕ್ಕೆ ಬರಲಿಲ್ಲ. ಉಗುರಗಲ, ಉಗುರಗಲ ಬಂತು. ಪೂರ್ತಿ ಬಂದಾಗ ಪರದೆ ಕಪ್ಪಾಗಿತ್ತು. ಆ ಗಳಿಗೆಯಲ್ಲಿ ಅವನಿಗೆ ಬಿಸಿಲೂ ಇರಲಿಲ್ಲ, ದೀಪವೂ ಇರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ನಿಂತ. ಆಮೇಲೆ ರಿಪೇರಿಯವನು ದೀಪ ಹಚ್ಚಿದ. ಅಕ್ಷರ ಎದ್ದು ಬಂತು. ಒಂದು ಮೂಲೆಯಲ್ಲಿ ಗೀರು ಬಿದ್ದಿತ್ತು, ಅದು ಹೋಗಲಿಲ್ಲ. ಮರುದಿನ ಅವನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಬರೆದ.”

ದಾಸರು ನಿಲ್ಲಿಸಿದರು. ಕಥೆಯ ಕೊನೆಗೆ ಮಾವ ನಗಿಸುವುದು ವಾಡಿಕೆ. ಅವರು ನಗಿಸಲಿಲ್ಲ.

“ದೀಪ ಒಳಗಿದೆ ಎನ್ನುತ್ತೀರಿ, ಇರಲಿ,” ಎಂದಳು ಅಂಬುಜಾಕ್ಷಿ. “ನಾನು ಸುಲಿಯಬೇಕಾದದ್ದು ಯಾವುದನ್ನು?”

ದಾಸರು ಹೇಳಿದರು: “ನಿನ್ನ ಬೆನ್ನಿಗೆ ಅಂಟಿರುವ ನನ್ನನ್ನು; ನಾಳೆಯಿಂದ ಬರಬೇಡ.”