ಬೆಂಕಿಗೂಡಿನ ಮೇಲಿನ ಜಾಗ

ಗುಡ್ಡದ ಮೇಲಿನ ಬಂಗಲೆಯಲ್ಲಿ ಚಳಿಗೆ ಬೆಂಕಿ ಹಾಕುವ ಗೂಡೊಂದಿತ್ತು. ಅದರ ಮೇಲಿನ ಗೋಡೆಯಲ್ಲಿ ಅಜ್ಜನ ಕಾಲದಿಂದ ಕೊಂಬಿನ ಕಡವೆಯ ತಲೆ ತೂಗುತ್ತಿತ್ತು. ಮನೆಯ ಯಜಮಾನ ಮಾಚಯ್ಯ ಅದನ್ನು ಇಳಿಸಿ ಮೂಲೆಗಿಟ್ಟು, ಆ ಜಾಗದಲ್ಲಿ ಹೊಸ ಟಿವಿ ಹಾಕಿಸಿದ.

"ಪಾಪ, ನಿನ್ನ ಕಾಲ ಮುಗಿಯಿತು," ಎಂದು ಟಿವಿ ಕಡವೆಗೆ ಹೇಳಿತು. "ಇನ್ನು ಎಲ್ಲರೂ ತಲೆಯೆತ್ತಿ ನೋಡುವುದು ನನ್ನನ್ನೇ."

ಕಡವೆಯ ಗಾಜಿನ ಕಣ್ಣುಗಳಲ್ಲಿ ಟಿವಿಯ ಬಿಂಬ ಮೂಡಿತ್ತು.

ಸಂಜೆ ಮಾಚಯ್ಯ ಬೆಂಕಿ ಹೊತ್ತಿಸಿದ. ಟಿವಿಯ ಅಡಿ ಮೊದಲು ಬೆಚ್ಚಗಾಯಿತು, ಆಮೇಲೆ ಸುಡತೊಡಗಿತು.

"ಬೆಂಕಿಯಣ್ಣಾ, ಸ್ವಲ್ಪ ತಗ್ಗು. ನನ್ನೊಳಗೆ ಏನೋ ಕರಗುತ್ತಿದೆ!"

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ ತಮ್ಮಾ," ಎಂದಿತು ಬೆಂಕಿ. "ಹಾಕಿದ್ದನ್ನು ಉರಿಸುವುದಷ್ಟೇ ನನಗೆ ಗೊತ್ತು. ಸೌದೆ ಹಾಕುವವರನ್ನು ಕೇಳಿಕೋ."

ಟಿವಿ ಯಜಮಾನನ ಕಡೆ ತಿರುಗಿ ಜೀವ ಹೋಗುವಂತೆ ಕೂಗಿತು. ಆದರೆ ಮನುಷ್ಯರಿಗೆ ಕೇಳಿಸಿದ್ದು ಅದರಲ್ಲಿ ಬರುತ್ತಿದ್ದ ಹಾಡು ಮಾತ್ರ.

"ಎಷ್ಟು ಚೆನ್ನಾಗಿ ಹಾಡ್ತಾಳೆ ನೋಡಿ!" ಎಂದಳು ಮಾಚಯ್ಯನ ಹೆಂಡತಿ ಬೊಳ್ಳಮ್ಮ. "ಇನ್ನೊಂದಿಷ್ಟು ಸೌದೆ ಹಾಕಿ, ಬೆಚ್ಚಗೆ ಕೂತು ಕೇಳೋಣ."

ಸೌದೆ ಬಿತ್ತು, ಜ್ವಾಲೆ ಎದ್ದಿತು. ಟಿವಿಯ ಒಂದು ಅಂಚು ಕಪ್ಪಾಯಿತು. ಅದು ಮೂಲೆಯ ಕಡೆ ನೋಡಿತು.

"ಕಡವೆಯಣ್ಣಾ, ಇಷ್ಟು ವರ್ಷ ಈ ಜಾಗದಲ್ಲಿ ನೀನು ಹೇಗೆ ಬದುಕಿದೆ?"

"ನಾನೆಲ್ಲಿ ಬದುಕಿದೆ?" ಎಂದಿತು ಕಡವೆ. "ಕೊಂದ ಮೇಲೆಯೇ ಅಲ್ಲವೇ ನನ್ನನ್ನು ಅಲ್ಲಿಗೆ ಏರಿಸಿದ್ದು?"