ದಪ್ಪ ಚೈನು, ಸಣ್ಣ ಚೈನು

“ದಪ್ಪ ಚೈನು ಹಾಕಲೋ, ಸಣ್ಣದೇ ಇರಲೋ, ಮೇಷ್ಟ್ರೇ?” ನಸೀಮಾ ಕೇಳಿದಳು.

ಸ್ಪರ್ಧೆಗೆ ನಾಲ್ಕು ದಿನವಿತ್ತು. ಅವಳ ತಂಡದ ರೋಬೋಟು ಅಭ್ಯಾಸದಲ್ಲಿ ಮೂರು ಸಲ ಚೈನು ಕಳಚಿಕೊಂಡು ನಿಂತಿತ್ತು. ದಪ್ಪ ಚೈನು ಹಾಕಿದರೆ ಕಳಚದು; ಆದರೆ ತೂಕ ಸ್ಪರ್ಧೆಯ ಮಿತಿ ಮೀರುತ್ತದೆ. ಮೀರಿದರೆ ಚೆಂಡು ಎತ್ತುವ ಕೈಯನ್ನು ಬಿಚ್ಚಿಡಬೇಕು. ಆ ಕೈ ಮಾಡಲು ಅವಳಿಗೆ ಎರಡು ತಿಂಗಳು ಹಿಡಿದಿತ್ತು.

“ಅಂಗಡಿಯವನು ದಪ್ಪದ್ದೇ ತಗೋ, ತಲೆನೋವಿರಲ್ಲ ಅಂದ.”

“ಅವನು ಮಾರುವವನು,” ಎಂದರು ಮೌನೇಶಾಚಾರ್ಯರು. ಕಾಲೇಜಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತು ನಡೆಸಿದವರು. ಕಬ್ಬಿಣ ಉಜ್ಜುತ್ತಿದ್ದ ಅರ ಕೆಳಗಿಟ್ಟು ಒಂದು ಕತೆ ಹೇಳಿದರು:

ಒಬ್ಬ ರೈತನ ಬಾವಿಯಲ್ಲಿ ಹಗ್ಗ ರಾಟೆಯಿಂದ ಜಾರುತ್ತಿತ್ತು. ವಾರಕ್ಕೊಂದು ಕೊಡ ಬಾವಿಯ ಪಾಲು. ರೈತ ಹಗ್ಗಕ್ಕೆ ಬೈದ. ಸಂತೆಗೆ ಹೋಗಿ ತೋಳುಗಾತ್ರದ ಹಗ್ಗ, ಅದಕ್ಕೆ ತಕ್ಕ ದೊಡ್ಡ ರಾಟೆ ತಂದ. ಹಳೆಯ ಹಗ್ಗದಲ್ಲಿ ಕರು ಕಟ್ಟಿದ. ಹೊಸ ಹಗ್ಗ ಜಾರಲಿಲ್ಲ. ರೈತ ಮೀಸೆ ತಿರುವಿದ.

ಎಂಟು ದಿನಕ್ಕೆ ಹೆಂಡತಿಯ ರಟ್ಟೆ ಬಿದ್ದುಹೋಯಿತು. ನೆನೆದ ಹಗ್ಗವೇ ಎರಡು ಕೊಡ ತೂಗುತ್ತಿತ್ತು.

“ನಾನು ಸೇದುತ್ತಿರುವುದು ನೀರನ್ನೋ, ನಿಮ್ಮ ಹಗ್ಗವನ್ನೋ?” ಎಂದಳು.

“ಜಾರುವುದಿಲ್ಲವಲ್ಲ! ಅಷ್ಟಕ್ಕೆ ಸಂತೋಷಪಡು,” ಎಂದ ರೈತ.

ಅವಳು ದಾರಕ್ಕೆ ಕಲ್ಲು ಕಟ್ಟಿ ರಾಟೆಯ ಕಂಬದ ಪಕ್ಕ ಇಳಿಬಿಟ್ಟಳು. ಕಂಬ ನಾಲ್ಕು ಬೆರಳು ವಾಲಿತ್ತು. ಬುಡ ಅಗೆದು, ಕಂಬ ನೆಟ್ಟಗೆ ನಿಲ್ಲಿಸಿ, ಸುತ್ತ ಕಲ್ಲು ಜಡಿದಳು. ಹಳೆಯ ರಾಟೆ ಏರಿಸಿದಳು. ಕರುವಿನ ಕೊರಳಿನಿಂದ ಹಳೆಯ ಹಗ್ಗ ಬಿಚ್ಚಿ ತಂದಳು. ತೋಳುಗಾತ್ರದ ಹಗ್ಗವನ್ನು ಕರುವಿಗೆ ಬಿಟ್ಟಳು. ಹಳೆಯ ಹಗ್ಗ ಸವೆದು ಎಳೆ ಬಿಡುವವರೆಗೂ ಜಾರಲಿಲ್ಲ.

ಮೇಷ್ಟ್ರು ಅರ ಮತ್ತೆ ಕೈಗೆತ್ತಿಕೊಂಡರು.

“ಹಾಗಾದರೆ ಸಣ್ಣ ಚೈನೇ ಸರಿ,” ಎಂದಳು ನಸೀಮಾ.

“ನಾನು ಹೇಳಿದ್ದು ಹಗ್ಗದ ಕತೆಯಲ್ಲ.”

ನಸೀಮಾ ಒಂದು ದಾರ ತಂದು, ಚೈನು ಸುತ್ತುವ ಎರಡು ಹಲ್ಲುಚಕ್ರಗಳ ಮೈಗೆ ಬಿಗಿಯಾಗಿ ಹಿಡಿದಳು. ಹಿಂದಿನ ಚಕ್ರ ದಾರದ ಸಾಲಿನಿಂದ ಒಂದು ಜೋಳದ ಕಾಳಿನಷ್ಟು ಆಚೆಗಿತ್ತು. ಅವಳು ಬೋಲ್ಟು ಸಡಿಲಿಸತೊಡಗಿದಳು.

ಸ್ಪರ್ಧೆಯಲ್ಲಿ ಅವಳ ತಂಡ ಏಳು ಪಂದ್ಯ ಆಡಿತು. ಎರಡನೆಯ ಸ್ಥಾನ ಬಂತು. ಸಣ್ಣ ಚೈನು ಒಮ್ಮೆಯೂ ಕಳಚಲಿಲ್ಲ.