ಹಗೆದಾರಿ ಕೋಡಿ

ಮುತ್ತಗೊಂದಿಯ ಕೆರೆಯಂಥ ಕೆರೆ ಭೂಮಂಡಲದಲ್ಲಿ ಇನ್ನೊಂದಿಲ್ಲ. ಇದರ ಹರವು ಕಂಡು ನಾಚಿಕೊಂಡೇ ಸಮುದ್ರ ಅಷ್ಟು ದೂರ ಹೋಗಿ ನಿಂತಿತೆಂಬುದು ನಮ್ಮೂರಿನವರ ಖಚಿತ ಅಭಿಪ್ರಾಯ. ಇದನ್ನು ಒಪ್ಪದವರೂ ಏರಿಯ ಮೇಲೆ ಬಂದು ನಿಂತರೆ ಬೆರಗಾಗುತ್ತಾರೆ. ಏರಿಯ ಉದ್ದಕ್ಕೂ ಕೋಟೆಗಿರುವಂತೆ ಕಲ್ಲಿನ ಬುರುಜುಗಳು. ಬುರುಜುಗಳಲ್ಲಿ ಬಾಣ ಬಿಡುವ ಕಿಂಡಿಗಳು. ಆ ಕಿಂಡಿಗಳೆಲ್ಲ ನೀರಿನ ಕಡೆಗೇ ಮುಖ ಮಾಡಿವೆ. ಮೂಡಣ ತುದಿಯಲ್ಲಿ, ಏರಿಯು ಹೋಗಿ ಬಂಡೆಗೆ ತಾಗುವಲ್ಲಿ, ಯಾರೋ ಸಿಟ್ಟಿನಿಂದ ಕಿತ್ತೆಸೆದಂತೆ ಒರಟಾದೊಂದು ಬಾಯಿ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವುದು ಅಲ್ಲಿಂದಲೇ. ಅದಕ್ಕೆ ಹಗೆದಾರಿ ಕೋಡಿ ಎಂದು ಹೆಸರು.

ಹಿಂದೆ ಒಮ್ಮೆ ಈ ಸೀಮೆಯ ಪಾಳೆಯಗಾರನಲ್ಲಿ ಕೆಂಚಮಲ್ಲನಾಯಕನೆಂಬ ದಳವಾಯಿ ಇದ್ದನಂತೆ. ಅವನು ಮೀಸೆ ತಿರುವಿದರೆ ನೆರೆಸೀಮೆಯ ಕುದುರೆಗಳು ಮೇವು ಬಿಡುತ್ತಿದ್ದವು ಎನ್ನುತ್ತಾರೆ, ಕುದುರೆಗಳನ್ನು ಕೇಳಿದವರಿಲ್ಲ. ಅವನು ಗೆದ್ದ ಕೋಟೆಗಳನ್ನೆಲ್ಲ ಬಚ್ಚಲ ಕಿಂಡಿಯಿಂದಲೋ ದಿಡ್ಡಿಬಾಗಿಲಿನಿಂದಲೋ ನುಸುಳಿಯೇ ಗೆದ್ದದ್ದು. ಹಾಗಾಗಿ ಯಾವ ಗೋಡೆಯಲ್ಲಿ ತೂತು ಕಂಡರೂ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಗೆಲ್ಲಲು ಕೋಟೆಗಳೇ ಉಳಿಯದಾದಾಗ ದೊರೆ ಅವನನ್ನು ಕೆರೆಕಟ್ಟೆ, ದಾರಿ, ಸೇತುವೆಗಳ ಮಂತ್ರಿಯನ್ನಾಗಿ ಮಾಡಿದ. ಅವನಿಗೆ ಅದರಲ್ಲೂ ಅನುಮಾನ. ತನ್ನ ಕೈಯಿಂದ ಕತ್ತಿ ಬಿಡಿಸಲು ದೊರೆಯ ಕಿವಿ ಊದಿದವರು ಯಾರು?

ಮುತ್ತಗೊಂದಿಯಲ್ಲಿ ಕೆರೆ ಕಟ್ಟಿಸುವಾಗ ಗಾರೆಗೆ ಬೆರೆಸುವ ಬೆಲ್ಲವನ್ನೂ ತಾನೇ ನೆಕ್ಕಿ ನೋಡಿದ. ಗಂಗಮ್ಮನಿಗೆಂದು ಹೆಂಗಸರು ಬಾಗಿನ ತಂದರೆ ಮೊರದ ಮುಚ್ಚಳ ತೆಗೆಸಿ, ಬಳೆ ಅರಿಸಿನಗಳ ಅಡಿಯಲ್ಲಿ ಚೂರಿಯಿದೆಯೇ ಎಂದು ತಡಕಿದ. ಗದ್ದೆಗೆ ನೀರುಣಿಸುವ ತೂಬಿಗೂ ಪಹರೆ ಹಾಕಿಸಿದ. ಕಲ್ಲು ಕಟ್ಟುವವರ ಮುಖ್ಯಸ್ಥ ತಿಮ್ಮಬೋವಿ, ಕೋಡಿ ಎಲ್ಲಿ ಬಿಡೋಣ ಎಂದು ಕೇಳಿದಾಗಲಂತೂ ಅವನ ಹುಬ್ಬು ಗಂಟಿಕ್ಕಿತು.

“ಗೋಡೆಗೆ ಬಾಯಿ ಬಿಡು ಅಂತ ನಿನಗೆ ಹೇಳಿಕೊಟ್ಟವರು ಯಾರೋ?”

ಬೋವಿ ಬಾಯಿ ಮುಚ್ಚಿಕೊಂಡ. ಏರಿಯೂ ಬಾಯಿ ಮುಚ್ಚಿಕೊಂಡಿತು.

ಆ ವರ್ಷದ ಮಳೆ ಎಂಥದೆಂದರೆ ಮೀನುಗಳು ಮರದ ಮೇಲೆ ಗೂಡು ಕಟ್ಟಿದವಂತೆ. ನೀರು ಬುರುಜಿನ ಬುಡಕ್ಕೆ ಬಂತು. ದಳವಾಯಿ ಕಿಂಡಿಗಳಲ್ಲಿ ಬಿಲ್ಲಾಳುಗಳನ್ನು ನಿಲ್ಲಿಸಿದ, ನೀರು ಹೆದರಲಿಲ್ಲ. ಏರಿಯ ಹೊರಮೈ ಅಲ್ಲಲ್ಲಿ ಬೆವರತೊಡಗಿತು. ಏರಿಯ ಕೆಳಗೇ ಊರು, ಊರಿನ ಮೊದಲ ಮನೆ ಅವನದೇ. ಓಡಿಬಂದು, ಗುಡ್ಡಕ್ಕೆ ನಡೆ ಎಂದು ಹೆಂಡತಿ ಸಾಂತವ್ವನಿಗೆ ಹೇಳಿದ. ಅವಳು ರಾಗಿ ಕೇರುತ್ತಿದ್ದವಳು ತಲೆ ಎತ್ತಲಿಲ್ಲ.

“ಬೆಲ್ಲದ ಮೇಲೆ ಅನುಮಾನ, ಬಾಗಿನದ ಮೇಲೆ ಅನುಮಾನ. ನಾನು ಬಡಿಸಿದ ಮುದ್ದೆಯನ್ನೂ ಮುರಿದು ನೋಡಿಯೇ ಉಂಡಿರಿ. ನೀವು ಕಟ್ಟಿಸಿದ ಏರಿಯನ್ನು ಮಾತ್ರ ನಂಬಿದ್ದಿರಿ. ಈಗ ಅದರ ಮೇಲೂ ಅನುಮಾನವೇ? ನಾನಂತೂ ಏಳೋಳಲ್ಲ.”

ದಳವಾಯಿಯ ಮನೆಯಾಕೆಯೇ ಕೂತಿರುವಾಗ ನಾವೇಕೆ ಏಳಬೇಕೆಂದು ಊರೂ ಕೂತಿತು. ಕೆಂಚಮಲ್ಲನಾಯಕ ಮತ್ತೆ ಬುರುಜು ಹತ್ತಿ ಕಿಂಡಿಯಲ್ಲಿ ಇಣುಕಿದ. ಎದುರಿಗೆ ನೀರು ಮುತ್ತಿಗೆಯ ಸೈನ್ಯದಂತೆ ಒತ್ತಿಕೊಂಡು ನಿಂತಿತ್ತು. ನೋಡುತ್ತ ನೋಡುತ್ತ ಅವನಿಗೆ ಹೊಳೆಯಿತು: ಮುತ್ತಿಗೆ ಹಾಕಿದ್ದು ನೀರಲ್ಲ, ತಾನು. ಹಗೆಯನ್ನು ಸುತ್ತುಗಟ್ಟುವಾಗ ಒಂದು ಮಗ್ಗುಲು ತೆರೆದಿಡುವುದು ಅವನ ಯುದ್ಧದ ಪದ್ಧತಿ. ಓಡಲು ದಾರಿಯಿಲ್ಲದವನು ಕೊಂದೇ ಸಾಯುತ್ತಾನೆ. ಇಲ್ಲಿ ದಾರಿಯನ್ನೇ ಇಟ್ಟಿರಲಿಲ್ಲ.

ಬಂಡೆಯ ಮಗ್ಗುಲಿಗೆ ಬೋವಿಯನ್ನು ಕರೆಸಿ, “ಹಗೆಗೆ ದಾರಿ ಬಿಡು” ಎಂದ.

“ಇದನ್ನು ಹೇಳಿಕೊಟ್ಟವರು ಯಾರು ಬುದ್ಧಿ?” ಎಂದ ಬೋವಿ.

ದಳವಾಯಿ ಹಾರೆ ಕಸಿದುಕೊಂಡು ಮೊದಲ ಕಲ್ಲನ್ನು ತಾನೇ ಮೀಟಿದ. ನೀರು ಬಂಡೆಯ ಮೇಲೆ ಭೋರ್ಗರೆದು ಇಳಿದು, ಊರನ್ನು ಬಳಸಿ, ನೆರೆಸೀಮೆಯ ಬತ್ತಿದ ಕೆರೆಯನ್ನು ತುಂಬಿತು. ಅಲ್ಲಿನವರು ಸಂತೋಷದಿಂದ ಹೋಳಿಗೆ ಕಳಿಸಿದರಂತೆ. ದಳವಾಯಿ ಅದನ್ನು ಮೊದಲು ನಾಯಿಗೆ ಹಾಕಿ ನೋಡಿ, ಆಮೇಲೆ ತಿಂದನೆನ್ನುತ್ತಾರೆ.

ಆ ಒರಟು ಬಾಯಿಯನ್ನು ಇಂದಿಗೂ ಯಾರೂ ನಯಗೊಳಿಸಿಲ್ಲ. ಕೋಡಿ ಬಿದ್ದ ದಿನ ಬಂದವರು ಕಣ್ಣಾರೆ ನೋಡಬಹುದು: ಬಾಗಿನ ಬಿಡುವ ಮುನ್ನ ನಮ್ಮ ಹೆಂಗಸರು ಮೊರದ ಮುಚ್ಚಳ ತೆಗೆದು ಬುರುಜಿನತ್ತ ಎತ್ತಿ ತೋರಿಸುತ್ತಾರೆ, ಸ್ವಲ್ಪ ಹೊತ್ತು ಕಾಯುತ್ತಾರೆ. ಕಿಂಡಿಯೊಳಗಿಂದ ಯಾರೂ ತಕರಾರು ಎತ್ತದಿದ್ದರೆ ನೀರಿಗೆ ಬಿಡುತ್ತಾರೆ.